ಕೆಟ್ಟ ತಿಂಗಳ ಲೆಕ್ಕ

ನಮ್ಮತ್ತೆಯ ಎರಕದ ಕಾರ್ಖಾನೆಗೆ ಹೊಸ ಕುಲುಮೆ ಹಾಕಲು ಒಂದು ಕೋಟಿ ಹತ್ತು ಲಕ್ಷ ಬೇಕಾಗಿತ್ತು. ಅದನ್ನು ಬ್ಯಾಂಕಿನಿಂದ ಸಾಲ ತರುವುದೋ, ಕಂಪನಿಯಲ್ಲಿ ಪಾಲು ಕೊಟ್ಟು ತರುವುದೋ ಎಂದು ತೀರ್ಮಾನಿಸಲು ಇದ್ದದ್ದು ಒಂದು ತಿಂಗಳು. ಸಾಲ ತಂದು ಕಂತು ತಪ್ಪಿದರೆ ಕಾರ್ಖಾನೆಯ ಜೊತೆ ಅವಳು ಇರುವ ಮನೆಯೂ ಹೋಗುತ್ತಿತ್ತು. ಪಾಲು ಕೊಟ್ಟರೆ, ಇಪ್ಪತ್ತೆರಡು ವರ್ಷ ತನ್ನೊಬ್ಬಳ ಮಾತೇ ನಡೆದ ಜಾಗದಲ್ಲಿ ಇನ್ನೊಬ್ಬರನ್ನು ಕೇಳಿಕೊಂಡು ನಡೆಯಬೇಕಾಗುತ್ತಿತ್ತು. ಎರಡೂ ಬೇಡವೆಂದು ಕೈಕಟ್ಟಿ ಕೂತರೆ ನೀರು ಸರಬರಾಜು ಮಾಡುವ ಕಂಪನಿಯೊಂದರ ದೊಡ್ಡ ಆರ್ಡರು ಬೇರೆಯವರ ಪಾಲಾಗಿ, ಹಳೆಯ ಕುಲುಮೆಗಳ ಜೊತೆ ಕಾರ್ಖಾನೆಯೂ ನಾಲ್ಕೈದು ವರ್ಷದಲ್ಲಿ ಆರಿಹೋಗುತ್ತಿತ್ತು.

ಅತ್ತೆ ಎಂದರೆ ಅಪ್ಪನ ಅಕ್ಕ. ಮನೆಮಂದಿಯೆಲ್ಲ ಅವಳನ್ನು ಕಬ್ಬಿಣದತ್ತೆ ಎನ್ನುತ್ತಾರೆ, ಅವಳ ಎದುರಿಗೂ. ಆ ಕಾರ್ಖಾನೆಗೆ ಲೆಕ್ಕ ಬರೆಯಲು ಸೇರಿದವಳು, ಮಾಲೀಕರು ಬಾಗಿಲು ಹಾಕಲು ಹೊರಟಾಗ ಒಡವೆ ಮಾರಿ, ತನಗೆ ಬರಬೇಕಿದ್ದ ಸಂಬಳದ ಬಾಕಿಯನ್ನೂ ವಜಾ ಹಾಕಿಸಿಕೊಂಡು ಅದನ್ನೇ ಕೊಂಡಳು. ಆಮೇಲೆ ಮರಳು ಜರಡಿ ಹಿಡಿಯುವುದರಿಂದ ಹಿಡಿದು ಕರಗಿದ ಕಬ್ಬಿಣದ ಮೇಲೆ ತೇಲುವ ಕಿಟ್ಟ ತೆಗೆಯುವವರೆಗೆ ಎಲ್ಲ ಕೆಲಸವನ್ನೂ ಕಲಿತಳು. ಅವಳ ಎಡ ಮೊಣಕೈಯಿಂದ ಮಣಿಕಟ್ಟಿನವರೆಗೆ ಸಣ್ಣ ಸಣ್ಣ ಸುಟ್ಟ ಗುರುತುಗಳಿವೆ. ಕೇಳಿದರೆ, ಇದೇ ನನ್ನ ಡಿಗ್ರಿ ಎನ್ನುತ್ತಾಳೆ. ಕಂಪನಿಯ ನೂರಕ್ಕೆ ನೂರು ಶೇರು ಅವಳದೇ.

ನಾನು ಒಬ್ಬ ಆಡಿಟರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ಭಾನುವಾರ ಬಿಡುವಾದಾಗ ಅತ್ತೆಯ ಪುಸ್ತಕಗಳನ್ನು ನೋಡಿಕೊಡುತ್ತಿದ್ದೆ. ಸಾಲವೋ ಪಾಲೋ ಎಂಬ ಪ್ರಶ್ನೆ ಬಂದಾಗ, ನನಗೆ ಉತ್ತರ ಗೊತ್ತಿದೆ ಎಂದೇ ನಂಬಿದ್ದೆ. ಕಾಲೇಜಿನ ದಿನಗಳಲ್ಲೇ ಹಾಸ್ಟೆಲಿನ ಲೈಬ್ರರಿಯಲ್ಲಿ ಈ ವಿಷಯದ ಮೇಲೆ ಇದ್ದದ್ದನ್ನೆಲ್ಲ ಓದಿ ಮುಗಿಸಿದ್ದೆ. ಹದಿನಾಲ್ಕು ಪುಟದ ಒಂದು ವರದಿ ಮಾಡಿ, ಸ್ಪೈರಲ್ ಬೈಂಡ್ ಮಾಡಿಸಿ ತಂದೆ. ಅದರ ಸಾರ ಇಷ್ಟೇ: ಸಾಲ ಅಗ್ಗ. ಬಡ್ಡಿ ನೂರಕ್ಕೆ ಹನ್ನೊಂದು, ಅದೂ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ಕಳೆಯಬಹುದು. ಬ್ಯಾಂಕು ಏಳು ವರ್ಷ ಕಂತು ತೆಗೆದುಕೊಂಡು ತನ್ನ ದಾರಿ ಹಿಡಿಯುತ್ತದೆ. ಪಾಲುದಾರ ಹಾಗಲ್ಲ, ಬಂದವನು ಇರುತ್ತಾನೆ, ಲಾಭ ಬಂದಷ್ಟು ದಿನವೂ ತಟ್ಟೆ ಹಿಡಿಯುತ್ತಾನೆ. ಕಳೆದ ಆರು ವರ್ಷದ ಸರಾಸರಿ ತೆಗೆದರೆ ಎಲ್ಲ ಖರ್ಚು ಕಳೆದು ತಿಂಗಳಿಗೆ ಎರಡು ಲಕ್ಷ ಅರವತ್ತು ಸಾವಿರ ಉಳಿಯುತ್ತಿತ್ತು. ಪೂರ್ತಿ ಸಾಲಕ್ಕೆ ಕಂತು ಒಂದು ಲಕ್ಷ ಎಂಬತ್ತೆಂಟು ಸಾವಿರ. ಕಟ್ಟಿ ಮಿಗುತ್ತಿತ್ತು. ನನಗೆ ಇದರಲ್ಲಿ ಯೋಚಿಸುವುದಕ್ಕೇ ಏನೂ ಕಾಣಲಿಲ್ಲ.

ಅತ್ತೆ ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಎರಡು ಕಡೆ ಕೂಡಿಸುವಲ್ಲಿ ತಪ್ಪಿದ್ದನ್ನು ಪೆನ್ಸಿಲಿನಲ್ಲಿ ಸುತ್ತಿದಳು. ಆಮೇಲೆ ಅದನ್ನು ಬೀರುವಿನ ಮೇಲಿಟ್ಟು, ಹೂಂ, ನೋಡೋಣ ಎಂದಳು. ಅಷ್ಟೇ.

ಬ್ಯಾಂಕಿನಿಂದ ಸಾಲದ ವಿಭಾಗದ ಮೇಡಂ ಬಂದರು. ಚಿಕ್ಕ ವಯಸ್ಸು, ಮೆಲುದನಿ, ಯಾವ ಕಾಗದವನ್ನೂ ಎರಡು ಸಲ ಕೇಳಲಿಲ್ಲ. ಜಾಗದ ಪತ್ರ, ಮನೆಯ ಪತ್ರ, ಮೂರು ವರ್ಷದ ತೆರಿಗೆ ಪತ್ರ ನೋಡಿದರು. ಕಾರ್ಖಾನೆಯ ಮುಂದೆ ಅತ್ತೆಯನ್ನು ನಿಲ್ಲಿಸಿ ಫೋಟೊ ತೆಗೆದರು. ಅತ್ತೆ ನಗಲಿಲ್ಲವೆಂದು ಇನ್ನೊಂದು ತೆಗೆದರು. ಮನೆಯನ್ನೂ ಅಡಮಾನ ಇಡುವುದಾದರೆ ಪೂರ್ತಿ ಮೊತ್ತ ಕೊಡಲು ಅಡ್ಡಿಯಿಲ್ಲ ಎಂದರು. ಒಳಗೆ ಬಂದು ಎರಕ ಹುಯ್ಯುವುದನ್ನು ನೋಡಿ ಎಂದು ಅತ್ತೆ ಕರೆದಾಗ, ಅದರ ಅಗತ್ಯ ಬರುವುದಿಲ್ಲ ಎಂದು ನಯವಾಗಿ ಹೇಳಿ ಕಾರು ಹತ್ತಿದರು. ನನಗೆ ಅದು ಬಹಳ ಹಿಡಿಸಿತು. ಕಂತು ಕಟ್ಟಿದರೆ ಸಾಕು, ನೀನು ಒಳಗೆ ಏನು ಬೇಕಾದರೂ ಮಾಡಿಕೋ ಎನ್ನುವವರಿಗಿಂತ ಒಳ್ಳೆಯವರು ಯಾರು?

ಇನ್ನೊಬ್ಬರು ಲಾರಿ ಸಾಹುಕಾರರು. ಹದಿನೈದು ವರ್ಷ ನಮ್ಮ ಮಾಲನ್ನು ಸಾಗಿಸಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ಹದಿನಾಲ್ಕು ಲಾರಿಗಳನ್ನೂ ಮಾರಿ, ಬಂದ ದುಡ್ಡನ್ನು ಠೇವಣಿ ಇಟ್ಟು ಮನೆಯಲ್ಲಿ ಕೂತಿದ್ದರು. ಅವರು ಮನೆಯಲ್ಲಿ ಕೂತದ್ದು ಅವರ ಹೆಂಡತಿಗೆ ದೊಡ್ಡ ತಲೆನೋವಾಗಿತ್ತಂತೆ. ಯಾವ ವಸ್ತು ಕಂಡರೂ ಟಯರಿನ ಗಾಳಿ ನೋಡುವವರ ಹಾಗೆ ಗೆಣ್ಣಿನಿಂದ ಕುಟ್ಟಿ ನೋಡುವುದು ಅವರ ಅಭ್ಯಾಸ. ಅತ್ತೆಯ ಮೇಜು, ನನ್ನ ವರದಿ, ಗೋಡೆ, ಎಲ್ಲವನ್ನೂ ಕುಟ್ಟಿದರು. ಪೂರ್ತಿ ಒಂದು ಕೋಟಿ ಹತ್ತು ಲಕ್ಷ ನಾನೇ ಹಾಕುತ್ತೇನೆ, ನೂರಕ್ಕೆ ನಲವತ್ತೈದು ಪಾಲು ಕೊಡಿ ಎಂದರು. ಹೇಳಿದ ಮೇಲೆ ಅವರಿಗೇ ಅನುಮಾನ ಬಂತು.

"ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟು ಲಾಭ ಬರೋ ಕಡೆ ನನಗ್ಯಾಕೆ ಪಾಲು ಕೊಡ್ತೀರಿ? ಸಾಲ ತಂದು ಲಾಭನೆಲ್ಲ ನೀವೇ ಇಟ್ಕೋಬಹುದಲ್ಲ?"

ಪ್ರಶ್ನೆ ಸರಿಯಾಗಿಯೇ ಇತ್ತು. ಹಣ ಹಾಕುವವರು ಎಲ್ಲ ಕಡೆಯೂ ಇದೇ ಅನುಮಾನ ಪಡುತ್ತಾರೆಂದು ನಾನು ಓದಿದ್ದೆ. ಒಳಗಿನವರು ಪಾಲು ಮಾರುತ್ತಾರೆ ಎಂದರೆ ಒಳಗೆ ಏನೋ ಹುಳುಕಿದೆ ಎಂದು ಹೊರಗಿನವರು ಎಣಿಸುತ್ತಾರೆ. ಅತ್ತೆ ಹೇಗೆ ಜಾರಿಕೊಳ್ಳುತ್ತಾಳೋ ಎಂದು ನೋಡಿದೆ. ಅವಳು ಜಾರಿಕೊಳ್ಳಲಿಲ್ಲ.

"ಲಾಭ ಬರುತ್ತೆ ಅಂತ ಗೊತ್ತು ಸಾಹುಕಾರ್ರೇ. ಯಾವತ್ತು ಬರುತ್ತೆ ಅಂತ ಗೊತ್ತಿಲ್ಲ. ಬ್ಯಾಂಕಿನವರಿಗೆ ತಾರೀಖು ಬೇಕು."

ಸಾಹುಕಾರರು ಮೇಜನ್ನು ಇನ್ನೊಮ್ಮೆ ಕುಟ್ಟಿ, ಆಯ್ತು, ಹುಯ್ಯೋ ದಿನ ಬಂದು ನೋಡ್ತೀನಿ ಎಂದು ಎದ್ದರು. ಅವರು ಹೋದ ಮೇಲೆ ಅತ್ತೆ, ತಮಾಷೆ ನೋಡೇ ಎಂದು ನಕ್ಕಳು. ಅವರ ಠೇವಣಿಗೆ ಬ್ಯಾಂಕು ನೂರಕ್ಕೆ ಆರು ಕೊಡುತ್ತದೆ, ಅದೇ ದುಡ್ಡನ್ನು ನನಗೆ ಹನ್ನೊಂದಕ್ಕೆ ಕೊಡುತ್ತದೆ. ಆ ಐದು ಏತಕ್ಕೆ ಗೊತ್ತೇನು, ಅವರು ನನ್ನ ಮುಖ ನೋಡದೆ ದುಡ್ಡು ಕೊಡುವುದಕ್ಕೆ ಎಂದಳು. ನನಗೆ ನಗು ಬರಲಿಲ್ಲ. ಐದಲ್ಲ, ಅದರಲ್ಲಿ ಬ್ಯಾಂಕಿನ ಖರ್ಚೂ ಇದೆ ಎಂದು ತಿದ್ದಲು ಹೋಗಿ ಬೈಸಿಕೊಂಡೆ.

ಅದೇ ವಾರ ಅಚ್ಚಿನ ಮೇಸ್ತ್ರಿ ಮೆಟ್ಟಿಲು ಹತ್ತಿ ಕಚೇರಿಗೆ ಬಂದ. ಅತ್ತೆಗಿಂತ ಮೊದಲಿನಿಂದಲೂ ಅಲ್ಲಿದ್ದವನು ಅವನೊಬ್ಬನೇ. ಮರಳಿನಲ್ಲಿ ಅಚ್ಚು ಕೂರಿಸುವುದರಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಪಾಸ್‌ಬುಕ್ಕನ್ನು ಮೇಜಿನ ಮೇಲಿಟ್ಟು, ಆರು ಲಕ್ಷ ಇದೆ ಅಮ್ಮ, ಹೊರಗಿನವರಿಗೆ ಪಾಲು ಕೊಡುವ ಬದಲು ನಮಗೇ ಕೊಡಿ, ಇನ್ನೂ ನಾಲ್ಕು ಜನ ಸೇರುತ್ತಾರೆ ಎಂದ. ನಾನು ಎದ್ದು ಅವನಿಗೆ ಕುರ್ಚಿ ಕೊಟ್ಟೆ. ಅತ್ತೆ ಮಾತ್ರ ಪಾಸ್‌ಬುಕ್ಕನ್ನು ತೆರೆದೂ ನೋಡದೆ ಅವನ ಕಡೆಗೆ ತಳ್ಳಿದಳು.

"ನಿನ್ನ ಸಂಬಳ ಇಲ್ಲಿಂದ. ಉಳಿಸಿದ್ದೂ ಇಲ್ಲೇ ಹಾಕಿದ್ರೆ, ಇದು ಮುಳುಗಿದ ದಿನ ನಿನ್ನ ಹತ್ರ ಏನಿರುತ್ತೆ? ಎತ್ಕೊಂಡು ಹೋಗು."

ಅವನು ಮುಖ ಸಣ್ಣದು ಮಾಡಿಕೊಂಡು ಇಳಿದುಹೋದ. ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ನನ್ನ ಹದಿನಾಲ್ಕು ಪುಟದಲ್ಲಿ ಕೆಲಸಗಾರರ ದುಡ್ಡು ತರಬಹುದೇ, ತರಬಾರದೇ ಎಂಬ ಪ್ರಶ್ನೆಯೇ ಇರಲಿಲ್ಲ.

ನೀರಿನ ಕಂಪನಿಗೆ ಬೇಕಾಗಿದ್ದದ್ದು ದೊಡ್ಡ ಪಂಪುಗಳ ಹೊರಮೈ. ಒಂದೊಂದೂ ಸಾವಿರದ ನೂರು ಕೇಜಿ, ಒಂದೂವರೆ ವರ್ಷದಲ್ಲಿ ಮೂವತ್ತಾರು. ನಮ್ಮ ಎರಡು ಎಣ್ಣೆ ಕುಲುಮೆಗಳಲ್ಲಿ ಒಂದೊಂದಕ್ಕೆ ಹಿಡಿಸುವುದು ಆರುನೂರು ಕೇಜಿ. ಒಂದೂವರೆ ಟನ್ನಿನ ಕರೆಂಟಿನ ಕುಲುಮೆ ಬೇಕಾಗಿದ್ದದ್ದು ಅದಕ್ಕೇ. ಆದರೆ ಅದಕ್ಕೂ ಮೊದಲು ಒಂದು ಮಾದರಿ ಮಾಡಿ ತೋರಿಸಬೇಕಿತ್ತು, ಅದನ್ನು ಹಳೆಯ ಕುಲುಮೆಗಳಲ್ಲೇ ಮಾಡಬೇಕಿತ್ತು. ಎರಡರಲ್ಲೂ ಒಟ್ಟಿಗೆ ಕಬ್ಬಿಣ ಕರಗಿಸಿ, ಸರಪಳಿಯಲ್ಲಿ ತೂಗುವ ದೊಡ್ಡ ಬಾನಿಯಂಥ ಎರಡು ಲ್ಯಾಡಲ್‌ಗಳಲ್ಲಿ ಹಿಡಿದು, ಅಚ್ಚಿನ ಎರಡು ಬದಿಯಿಂದ ಒಂದೇ ಹೊತ್ತಿಗೆ ಹುಯ್ಯಬೇಕು. ಎರಡೂ ಒಳಗೆ ಹರಿದು, ಇನ್ನೂ ಬಿಸಿ ಇರುವಾಗಲೇ ಒಂದಕ್ಕೊಂದು ಸೇರಬೇಕು.

ಕಾರ್ಖಾನೆಯಲ್ಲಿ ಒಂದು ರೂಢಿಯಿತ್ತು. ಲ್ಯಾಡಲ್ ನೆಲ ಬಿಟ್ಟು ಎದ್ದ ಮೇಲೆ ಅಚ್ಚು ತುಂಬುವವರೆಗೆ ಒಬ್ಬರು ಬಿಟ್ಟು ಬೇರೆ ಯಾರೂ ಬಾಯಿ ತೆರೆಯಕೂಡದು. ಯಾರಿಗಾದರೂ ಬೆಂಕಿ ಹತ್ತಿದರೂ ಕೈಸನ್ನೆ ಮಾಡಬೇಕೇ ಹೊರತು ಕೂಗಬಾರದು. ಲ್ಯಾಡಲ್ ಹಿಡಿದವನಿಗೆ ಆ ಸೆಕೆಯಲ್ಲಿ, ಮುಖವಾಡದೊಳಗೆ, ಏನೂ ಸರಿಯಾಗಿ ಕಾಣುವುದಿಲ್ಲ. ಅವನ ಕೈ ಕಿವಿಯನ್ನು ನಂಬಿ ನಡೆಯುತ್ತದೆ. ಆ ಒಂದು ಗಂಟಲು ಅತ್ತೆಯದು. ಅವಳು ಹೇಳುವುದೂ ಎರಡೇ ಮಾತು: ಶುರುವಿಗೆ "ಬಿಡಿ", ಕೊನೆಗೆ "ಸಾಕು".

ಮಾದರಿ ಹುಯ್ಯುವ ದಿನ ಮಧ್ಯಾಹ್ನ ಸಾಹುಕಾರರು ಬಂದರು. ಅತ್ತೆ ಅವರನ್ನು ಮರಳಿನ ರಾಶಿಯ ಪಕ್ಕ ನನ್ನ ಜೊತೆ ನಿಲ್ಲಿಸಿ, ಕಪ್ಪು ಕನ್ನಡಕ ಕೊಟ್ಟಳು. ಮಾತಾಡಬಾರದು ಎಂದು ಹೇಳಿದಳೋ ಇಲ್ಲವೋ ಎಂಬುದರ ಬಗ್ಗೆ ಆಮೇಲೆ ಜಗಳವಾಯಿತು. ನನಗೆ ನೆನಪಿರುವಂತೆ ಅವಳು ಹೇಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅಲ್ಲಿ ಯಾರಿಗೂ ಅದನ್ನು ಬಾಯಿಬಿಟ್ಟು ಹೇಳುವ ಪ್ರಸಂಗವೇ ಬಂದಿರಲಿಲ್ಲ. ಗಾಳಿ ಇದೆಯೆಂದು ಯಾರೂ ಯಾರಿಗೂ ಹೇಳುವುದಿಲ್ಲವಲ್ಲ, ಹಾಗೆ.

ಕರಗಿದ ಕಬ್ಬಿಣ ಕೆಂಪಗಿರುತ್ತದೆ ಎಂದುಕೊಂಡವರು ಅದನ್ನು ನೋಡಿಲ್ಲ. ಕೆಂಪಾಯಿತೆಂದರೆ ಆಗಲೇ ತಣಿಯಿತೆಂದು ಲೆಕ್ಕ. ಕುಲುಮೆಯ ಬಾಯಿಂದ ಬೀಳುವಾಗ ಅದು ಬಿಳಿ, ಅಂಚಿನಲ್ಲಿ ಮಾತ್ರ ಹಳದಿ. ನೀರಿನ ಹಾಗೆ ಹರಿಯುತ್ತದೆ, ಆದರೆ ಬಿದ್ದಾಗ ಸದ್ದು ಮಾಡುವುದಿಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರೂ ಕೆನ್ನೆಯ ಚರ್ಮ ಬಿಗಿಯುತ್ತದೆ. ತಗಡಿನ ಮಾಡು, ತೊಲೆಯ ಮೇಲೆ ಕೂತ ಧೂಳು, ಮೇಸ್ತ್ರಿಯ ಕುತ್ತಿಗೆಯ ನರ, ಎಲ್ಲವೂ ಆ ಬೆಳಕಿನಲ್ಲಿ ಹೊಸದಾಗಿ ಕಾಣುತ್ತವೆ. ನಾನು ಅದನ್ನು ಐವತ್ತು ಸಲವಾದರೂ ನೋಡಿದ್ದೇನೆ. ಒಮ್ಮೆಯೂ ನೆಟ್ಟಗೆ ಉಸಿರಾಡಿಲ್ಲ.

ಒಂದು ಲ್ಯಾಡಲ್ಲಿನ ಹಿಡಿ ಮೇಸ್ತ್ರಿಯ ಕೈಯಲ್ಲಿ, ಇನ್ನೊಂದರದು ಉದ್ದಣ್ಣನ ಕೈಯಲ್ಲಿ. ಉದ್ದಣ್ಣ ಎಂದರೆ ಬಾಗಿಲಿಗೆ ತಲೆ ತಗ್ಗಿಸಿ ಬರುವವನು. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಅತ್ತೆ "ಬಿಡಿ" ಎಂದಳು. ಎರಡು ಕಡೆಯಿಂದ ಎರಡು ಬಿಳಿ ಎಳೆ ಅಚ್ಚಿನೊಳಗೆ ಇಳಿಯತೊಡಗಿದವು. ಹತ್ತು ಸೆಕೆಂಡು ಕಳೆದಿರಬೇಕು. ಅಚ್ಚಿನ ಸಂದುಗಳಿಂದ ಮೊಳದುದ್ದದ ನೀಲಿ ಜ್ವಾಲೆ ಭಗ್ಗೆಂದು ಎದ್ದವು. ಅವು ಏಳಲೇಬೇಕು. ಮರಳಿನೊಳಗಿನ ಹಬೆ ಹೊರಗೆ ಬಂದು ಉರಿಯುವುದು ಅದು, ಏಳದಿದ್ದರೆ ಹೆದರಬೇಕು. ಸಾಹುಕಾರರಿಗೆ ಅದು ಗೊತ್ತಿರಲಿಲ್ಲ. ಹದಿನಾಲ್ಕು ಲಾರಿ ಓಡಿಸಿದ ಗಂಟಲಿನಲ್ಲಿ, "ನಿಲ್ಸಿ, ಬೆಂಕಿ" ಎಂದು ಕೂಗಿಬಿಟ್ಟರು.

ಮೇಸ್ತ್ರಿಯ ಕೈ ಅಲುಗಲಿಲ್ಲ. ಉದ್ದಣ್ಣನದು ನಿಂತಿತು. ಎಷ್ಟು ಹೊತ್ತು? ಮೂರು ಸೆಕೆಂಡು, ನಾಲ್ಕು ಸೆಕೆಂಡು. ಅತ್ತೆ ಇನ್ನೊಮ್ಮೆ "ಬಿಡು" ಎಂದಳು, ದನಿ ಒಂದಿಷ್ಟೂ ಏರಿಸದೆ. ಅವನು ಮತ್ತೆ ಹುಯ್ದ. ಅಚ್ಚು ತುಂಬಿತು. "ಸಾಕು" ಎಂದಳು. ಎಲ್ಲವೂ ಸರಿಯಾದ ಹಾಗೆ ಕಂಡಿತು. ಅಲ್ಲಿದ್ದ ಎಲ್ಲರಿಗೂ ಸರಿಯಾಗಿಲ್ಲ ಎಂದು ಗೊತ್ತಿತ್ತು.

ಸಾಹುಕಾರರು ಎಲ್ಲರ ಮುಖ ನೋಡಿ, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ನಾನೇನಾದರೂ ಮಾಡಿದೆನೇನಮ್ಮ ಎಂದು ಕೇಳಿದರು. ಹೌದು ಎಂದೆ. ಅಷ್ಟು ಒರಟಾಗಿ ಹೇಳಬೇಕಿರಲಿಲ್ಲ, ಆದರೆ ಹೇಳಿದೆ. ಸಂಜೆ ಕಚೇರಿಯಲ್ಲಿ ಅತ್ತೆಗೂ ಹೇಳಿದೆ: ನೋಡಿದೆಯಾ, ಪಾಲುದಾರ ಎಂದರೆ ಇದು, ನಾಳೆ ಪ್ರತಿಯೊಂದಕ್ಕೂ ಹೀಗೇ ಕೂಗುತ್ತಾರೆ, ಬ್ಯಾಂಕು ಎಂದಾದರೂ ಕೂಗುತ್ತದೆಯೇ? ಅವಳು ಕೈ ತೊಳೆಯುತ್ತಿದ್ದಳು. ತೊಳೆದು, ಒರೆಸಿಕೊಂಡು, ಊಟ ಮಾಡಿ ಹೋಗು ಎಂದಳು. ನೀರಿನ ಕಂಪನಿಗೆ ಮಾದರಿ ಕೊಡಲು ಹನ್ನೊಂದು ದಿನ ಉಳಿದಿತ್ತು.

ಅಚ್ಚು ಎರಡು ದಿನ ತಣಿಯಬೇಕು. ಮೂರನೆಯ ದಿನ ಬೆಳಿಗ್ಗೆ ಮರಳು ಒಡೆಯಲು ಹೊರಟಾಗ ಸಾಹುಕಾರರು ಗೇಟಿನ ಬಳಿ ನಿಂತಿದ್ದರು. ಕರೆದಿರಲಿಲ್ಲ. ನಾನು ರಜೆ ಹಾಕಿ ಬಂದಿದ್ದೆ, ಅವರು ಬಂದದ್ದು ನನಗೆ ಸೇರಲಿಲ್ಲ. ಮರಳು ಕೊಡವಿ, ತಂತಿ ಬ್ರಷ್ಷಿನಿಂದ ಉಜ್ಜಿದ ಮೇಲೆ ಪಂಪಿನ ಹೊರಮೈ ಬೂದುಬಣ್ಣಕ್ಕೆ ಚೆಂದವಾಗಿ ಹೊಳೆಯಿತು. ನೋಡುವವರಿಗೆ ಯಾವ ಕುಂದೂ ಕಾಣದು. ಮೇಸ್ತ್ರಿ ಅದರೊಳಗೆ ನೀರು ತುಂಬಿಸಿ ಒತ್ತಡ ಕೊಟ್ಟ. ಸ್ವಲ್ಪ ಹೊತ್ತಿಗೆ ಹೊಟ್ಟೆಯ ಮಧ್ಯದಲ್ಲಿ ಸಾಸಿವೆಯಷ್ಟು ಸಣ್ಣ ಹನಿಗಳು ಮೂಡಿದವು. ಒಂದರ ಪಕ್ಕ ಒಂದು, ಸಾಲಾಗಿ. ಕೂದಲೆಳೆಯಷ್ಟು ತೆಳುವಾದ ಗೆರೆಯೊಂದು ಅಲ್ಲಿದೆ ಎಂದು ಆ ಹನಿಗಳೇ ಬರೆದು ತೋರಿಸಿದವು. ಎರಡು ಕಡೆಯಿಂದ ಬಂದ ಕಬ್ಬಿಣ ಅಲ್ಲಿ ಮುಟ್ಟಿದೆ, ಬೆರೆತಿಲ್ಲ.

ಸಾಹುಕಾರರು ಅದನ್ನು ಕುಟ್ಟಿ ನೋಡಲಿಲ್ಲ. ಬಗ್ಗಿ, ಮೊಣಕಾಲು ನೋವನ್ನೂ ಮರೆತು ಮರಳಿನಲ್ಲಿ ಕೂತು ನೋಡಿದರು. ಇದನ್ನು ಕೊಯ್ದು ಒಳಗೆ ತೋರಿಸುತ್ತೀರಾ ಎಂದು ಕೇಳಿದರು. ಕೊಯ್ಯಲು ಅರ್ಧ ದಿನ ಬೇಕು, ಗುಜರಿಗೆ ಹಾಕುವುದನ್ನು ಕೊಯ್ದು ಏನಾಗಬೇಕು ಎಂದು ಮೇಸ್ತ್ರಿ ಗೊಣಗಿದ. ಅತ್ತೆ ಕೊಯ್ಯಿ ಎಂದಳು. ಸಾಹುಕಾರರು ಊಟಕ್ಕೂ ಹೋಗದೆ ಕೂತಿದ್ದರು. ಕೊಯ್ದ ಮುಖವನ್ನು ಕೈಯಲ್ಲಿ ಸವರಿ, ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಎಷ್ಟು ಸೆಕೆಂಡಿಗೆ ಎಷ್ಟು ಅಗಲ ತಣಿಯುತ್ತದೆ, ನೀಲಿ ಜ್ವಾಲೆ ಏಕೆ ಬರುತ್ತದೆ ಎಂದು ಒಂದೊಂದನ್ನೂ ಮೇಸ್ತ್ರಿಯಿಂದ ಕೇಳಿ ತಿಳಿದರು. ಗೊಣಗುತ್ತಿದ್ದ ಮೇಸ್ತ್ರಿ ಸಂಜೆಯ ಹೊತ್ತಿಗೆ ಅವರಿಗೆ ಮರಳು ಹಿಡಿಯಿಸಿ ಹದ ನೋಡಲು ಮುಷ್ಟಿ ಕಟ್ಟುವುದನ್ನು ಹೇಳಿಕೊಡುತ್ತಿದ್ದ. ಹೊರಡುವಾಗ ಸಾಹುಕಾರರು, ಹಾಳಾದದ್ದರ ದುಡ್ಡು ಕೊಡುತ್ತೇನೆ, ಎಷ್ಟಾಯಿತು ಹೇಳಿ ಎಂದು ಚೆಕ್‌ಬುಕ್ ತೆಗೆದರು.

ಅತ್ತೆ ಬೇಡ ಎಂದಳು. "ಇವತ್ತು ದುಡ್ಡು ಕೊಟ್ರೆ ನೀವು ಗಿರಾಕಿ. ಮುಂದಿನ ಸಲ ಹುಯ್ಯುವಾಗ್ಲೂ ಬನ್ನಿ."

ಮೊದಲ ಸಲ ಹುಯ್ದ ಎಂಟನೆಯ ದಿನಕ್ಕೆ ಮತ್ತೆ ಹುಯ್ದರು. ಸಾಹುಕಾರರು ಬಂದರು. ಈ ಸಲವೂ ನೀಲಿ ಜ್ವಾಲೆ ಎದ್ದವು, ಅವರು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡರು. ನಾನು ಅವರನ್ನು ನೋಡುವುದೋ ಕಬ್ಬಿಣವನ್ನು ನೋಡುವುದೋ ತಿಳಿಯದೆ ನಿಂತಿದ್ದೆ. ಉದ್ದಣ್ಣನ ಕೈ ನಿಲ್ಲಲಿಲ್ಲ. ಅಚ್ಚಿನ ತಲೆಯ ಮೇಲಿನ ತೂತಿನಲ್ಲಿ ಬಿಳಿಯ ಕಣ್ಣೊಂದು ನಿಧಾನವಾಗಿ ಮೇಲೆದ್ದು ಬಂದು ನಿಂತಿತು. ಒಳಗೆ ಎರಡೂ ಸೇರಿದವು ಎಂದು ಅದರ ಅರ್ಥ. ಹನ್ನೆರಡು ಜನ ಒಂದೇ ಸಲ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ನೀರಿನ ಪರೀಕ್ಷೆಯಲ್ಲಿ ಒಂದು ಹನಿಯೂ ಮೂಡಲಿಲ್ಲ. ಗಡುವಿನ ದಿನ ಬೆಳಿಗ್ಗೆಯೇ ಮಾದರಿ ಹೋಯಿತು, ವಾರದೊಳಗೆ ಒಪ್ಪಿಗೆ ಬಂತು. ಇನ್ನು ಕುಲುಮೆಯ ಮುಂಗಡ ಕಟ್ಟಬೇಕು. ಉಳಿದದ್ದು ನಾಲ್ಕು ದಿನ.

ಭಾನುವಾರ ಅತ್ತೆ ಬೀರುವಿನ ಮೇಲಿಂದ ನನ್ನ ವರದಿಯನ್ನು ಇಳಿಸಿದಳು. ಸರಾಸರಿಯ ಪುಟ ತೆಗೆದು ಬೆರಳಿಟ್ಟಳು.

"ಈ ಎರಡು ಲಕ್ಷ ಅರವತ್ತು ಸಾವಿರದ ತಿಂಗಳು ಯಾವುದೇ?"

ಯಾವುದೂ ಅಲ್ಲ, ಅದು ಸರಾಸರಿ ಎಂದೆ.

"ಹಾಗಾದ್ರೆ ಇಂಥ ತಿಂಗಳು ಒಂದೂ ಬಂದಿಲ್ಲ. ಬರದೇ ಇರೋ ತಿಂಗಳ ದುಡ್ಡಲ್ಲಿ ನನ್ನ ಕೈಲಿ ಕಂತು ಕಟ್ಟಿಸ್ತಿದೀಯ. ಕೆಟ್ಟ ತಿಂಗಳುಗಳನ್ನ ತೆಗಿ."

ಎಪ್ಪತ್ತೆರಡು ತಿಂಗಳನ್ನೂ ಮತ್ತೆ ತೆಗೆದೆ. ಒಂದು ಲಕ್ಷ ಎಂಬತ್ತೆಂಟು ಸಾವಿರಕ್ಕಿಂತ ಕಡಿಮೆ ಉಳಿದ ತಿಂಗಳು ಇಪ್ಪತ್ಮೂರು ಇದ್ದವು. ಅವುಗಳಲ್ಲಿ ಐದು ಒಂದರ ಹಿಂದೊಂದು ಬಂದಿದ್ದವು, ನಾಲ್ಕು ವರ್ಷದ ಹಿಂದೆ. ಆ ಐದರಲ್ಲಿ ಒಂದೊಂದಕ್ಕೂ ಉಳಿದದ್ದು ಬರೀ ತೊಂಬತ್ತು ಸಾವಿರ ಆಸುಪಾಸು. ನಾನು ಲೆಕ್ಕ ಹಾಕುವ ಮೊದಲೇ ಅತ್ತೆ ಆ ಅಂಕಿ ಹೇಳಿದ್ದಳು. ಅವಳಿಗೆ ಪುಸ್ತಕ ಬೇಕಾಗಿರಲಿಲ್ಲ. ಆ ಐದು ತಿಂಗಳನ್ನು ಅವಳು ಬದುಕಿದ್ದಳು. ನಾನು ಅವನ್ನು ಉಳಿದ ಅರವತ್ತೇಳರ ಜೊತೆ ಕೂಡಿಸಿ, ಭಾಗಿಸಿ, ಇಲ್ಲವಾಗಿಸಿದ್ದೆ.

"ತೊಂಬತ್ತರೊಳಗೆ ಕಂತು ಬರೋ ಹಾಗೆ ಎಷ್ಟು ಸಾಲ ಸಿಗುತ್ತೆ, ಹಿಂದಿಂದ ಮುಂದೆ ಮಾಡು."

ಮಾಡಿದೆ. ಐವತ್ತು ಲಕ್ಷಕ್ಕೆ ಏಳು ವರ್ಷ, ತಿಂಗಳಿಗೆ ಎಂಬತ್ತಾರು ಸಾವಿರ. ಐವತ್ತು ಲಕ್ಷಕ್ಕಾದರೆ ಕುಲುಮೆ ಮತ್ತು ಜಾಗ ಸಾಕು, ಮನೆಯ ಪತ್ರ ಕೇಳುವುದಿಲ್ಲ ಎಂದೂ ಹೊಳೆಯಿತು. ಬ್ಯಾಂಕಿನಿಂದ ಅಷ್ಟೇ ತರುತ್ತೇನೆ, ಉಳಿದ ಅರವತ್ತಕ್ಕೆ ಸಾಹುಕಾರರಿಗೆ ಮೂವತ್ತು ಪಾಲು ಎಂದಳು ಅತ್ತೆ. ಎಷ್ಟು ಕೆಟ್ಟರೂ ಕಟ್ಟಬಲ್ಲೆ ಎನ್ನುವಷ್ಟು ಮಾತ್ರ ಸಾಲ. ಕಟ್ಟುತ್ತೇನೋ ಇಲ್ಲವೋ ಗೊತ್ತಿಲ್ಲ ಎನ್ನುವುದೆಲ್ಲ ಪಾಲು. ಹೊಸ ಕುಲುಮೆಯಲ್ಲಿ ಮೊದಲ ಹತ್ತು ಎರಕದಲ್ಲಿ ನಾಲ್ಕಾದರೂ ಗುಜರಿಗೆ ಹೋಗುತ್ತವೆ, ಕೈ ಕಲಿಯುವವರೆಗೆ ಹಾಗೇ. ಆ ನಾಲ್ಕರ ದುಡ್ಡಿಗೆ ಬ್ಯಾಂಕಿಗೆ ಏನು ತಾರೀಖು ಹೇಳಲಿ ಎಂದಳು.

ನಾನು ಸುಮ್ಮನೆ ಸೋಲಲಿಲ್ಲ. ಚೆನ್ನಾಗಿ ನಡೆದರೆ ಹತ್ತು ವರ್ಷದಲ್ಲಿ ಸಾಹುಕಾರರಿಗೆ ಹೋಗುವುದು ಬಡ್ಡಿಯ ಮೂರರಷ್ಟಾಗುತ್ತದೆ ಎಂದು ಅಂಕಿ ತೋರಿಸಿದೆ.

"ಚೆನ್ನಾಗಿ ನಡೆದಾಗ ತಾನೇ? ಆಗ ನನ್ನ ಹತ್ರ ಇರುತ್ತೆ, ಕೊಡ್ತೀನಿ."

ಆದರೆ ಅವರು ಅವತ್ತು ಕೂಗಿದರಲ್ಲ ಎಂದೆ. ಅತ್ತೆ ಕಿಟಕಿಯಿಂದ ಕೆಳಗೆ, ಖಾಲಿ ಕಾರ್ಖಾನೆಯ ಕಡೆ ಕೈ ತೋರಿಸಿದಳು. ಕೂಗಿದ್ದು ತಪ್ಪೇ, ಆದರೆ ಅವರದಲ್ಲದ ಕಬ್ಬಿಣ ಹಾಳಾಗುತ್ತದೆಂದು ಅವರಿಗೆ ಹೆದರಿಕೆಯಾಯಿತು, ಮೂರನೆಯ ದಿನ ಬಂದು ಗೆರೆ ನೋಡಿದರು, ಹಾಗೆ ನೋಡುವವರು ಇಷ್ಟು ವರ್ಷದಲ್ಲಿ ಮೇಸ್ತ್ರಿ ಬಿಟ್ಟರೆ ಯಾರೂ ಸಿಕ್ಕಿರಲಿಲ್ಲ ಎಂದಳು.

ನಾನು ವರದಿಯನ್ನು ಮಡಿಚಿಟ್ಟೆ. ಲೈಬ್ರರಿಯಲ್ಲಿ ಓದಿದ್ದು ಯಾವುದೂ ಸುಳ್ಳಾಗಿರಲಿಲ್ಲ. ಅಲ್ಲಿ ಇದ್ದದ್ದನ್ನೇ ಅವಳು ಹೇಳಿದ್ದಳು, ಒಂದು ಪುಸ್ತಕವನ್ನೂ ಮುಟ್ಟದೆ. ಎದುರಿಗೆ ಕೂತ ಹೆಂಗಸು, ಚಹಾದ ಲೋಟದಲ್ಲಿ ಬಿಸ್ಕತ್ತು ಅದ್ದುತ್ತಿದ್ದವಳು, ನಾನು ಎರಡು ವರ್ಷ ಕಲಿತದ್ದನ್ನು ಐದು ಕೆಟ್ಟ ತಿಂಗಳಲ್ಲಿ ಕಲಿತು ಮುಗಿಸಿದ್ದಳು. ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಅವಳು ಚಮಚಕ್ಕೆ ಹುಡುಕಾಡಿದಳು. ನಾನು ಎದ್ದು ತಂದುಕೊಟ್ಟೆ.

ಒಪ್ಪಂದ ಬರೆಯುವಾಗ ವಕೀಲರು ನಕ್ಕರು. ಲೋಹ ಹುಯ್ಯುವಾಗ ಪಾಲುದಾರರು ಮಾತನಾಡತಕ್ಕದ್ದಲ್ಲ ಎಂದು ಅತ್ತೆ ಬರೆಸಿದಳು. ಇಂಥದ್ದನ್ನು ನಾನು ಈವರೆಗೆ ಬರೆದಿಲ್ಲ ಎಂದರು. ಸಾಹುಕಾರರು ಒಪ್ಪಿ, ಸರಿ, ಈಗ ನಂದು ಎಂದು ಎರಡು ಷರತ್ತು ಹೇಳಿದರು. ತಮ್ಮ ಸಹಿಯಿಲ್ಲದೆ ಹೊಸ ಸಾಲ ತರಬಾರದು. ಇಪ್ಪತ್ತು ಲಕ್ಷ ದಾಟಿದ ಯಾವ ಆರ್ಡರನ್ನೂ ತಮ್ಮ ಸಹಿಯಿಲ್ಲದೆ ಹಿಡಿಯಬಾರದು. ಅತ್ತೆಯ ಪೆನ್ನು ಎರಡನೆಯ ಷರತ್ತಿನ ಮೇಲೆ ಬಹಳ ಹೊತ್ತು ನಿಂತಿತು. ಅವಳು ಸಹಿ ಮಾಡಿದಳು.

ಕುಲುಮೆ ಬಂತು. ಮೊದಲ ಹತ್ತರಲ್ಲಿ ಐದು ಗುಜರಿಗೆ ಹೋದವು. ಆ ತಿಂಗಳುಗಳಲ್ಲಿ ಎಂಬತ್ತಾರು ಸಾವಿರ ಕಟ್ಟುವುದೇ ಕಷ್ಟವಾಯಿತು, ಆದರೆ ಕಟ್ಟಿದಳು. ಒಂದು ಲಕ್ಷ ಎಂಬತ್ತೆಂಟಾಗಿದ್ದರೆ ಎಲ್ಲಿಂದ ತರುತ್ತಿದ್ದಳೆಂದು ನಾನು ಯೋಚಿಸಲು ಹೋಗಲಿಲ್ಲ.

ಎಂಟನೆಯ ತಿಂಗಳು ಬಂದರಿನವರಿಂದ ಒಂದು ಆರ್ಡರು ಬಂತು. ಹಡಗಿನ ಹಗ್ಗ ಸುತ್ತುವ ಕಬ್ಬಿಣದ ಗೂಟಗಳು, ಒಟ್ಟು ಎಪ್ಪತ್ತು ಲಕ್ಷದ್ದು. ಅತ್ತೆಗೆ ಅದು ಬೇಕಾಗಿತ್ತು. ಅವಳು ಯಾವುದನ್ನಾದರೂ ಅಷ್ಟು ಬಯಸಿದ್ದನ್ನು ನಾನು ನೋಡಿರಲಿಲ್ಲ. ಅಚ್ಚು ಮಾಡಲು ಬೇಕಾದ ಮರದ ಮಾದರಿಯನ್ನು ತಾನೇ ಕೂತು ಕಾಗದದ ಮೇಲೆ ಬಿಡಿಸಿದ್ದಳು. ತಿಂಗಳ ಸಭೆಗೆ ಸಾಹುಕಾರರು ಬಂದಾಗ ಆ ಕಾಗದವನ್ನು ಅವರ ಮುಂದೆ ಹರಡಿ ಅರ್ಧ ಗಂಟೆ ವಿವರಿಸಿದಳು.

ಸಾಹುಕಾರರು ಪೂರ್ತಿ ಕೇಳಿಸಿಕೊಂಡರು. ಚಿತ್ರ ಚೆನ್ನಾಗಿದೆ ಎಂದರು. ಆಮೇಲೆ ಹೇಳಿದರು:

"ಬೇಡ ಅಕ್ಕ. ನೀರಿನವರ ದುಡ್ಡು ಮೂರು ತಿಂಗಳಾದ್ರೂ ಬಂದಿಲ್ಲ. ಅದು ಬಂದ್ಮೇಲೆ ನೋಡೋಣ. ನಾನು ಸಹಿ ಹಾಕಲ್ಲ."

ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಅವಳು ಬೈಯಬಹುದಿತ್ತು. ಎಪ್ಪತ್ತು ಪಾಲು ತನ್ನದು ಎನ್ನಬಹುದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಮೇಜಿನ ಆಚೆ ಕೂತು ಅವಳಿಗೆ ಬೇಡ ಎಂದವರು ಒಬ್ಬರೂ ಇರಲಿಲ್ಲ. ಚಿತ್ರದ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡು, ಮೂಲೆಯ ಮಡಿಕೆಯನ್ನು ಹೆಬ್ಬೆರಳಿನಿಂದ ನಿಧಾನವಾಗಿ ನೇರ ಮಾಡಿದಳು. ಪಾಲಿಗೆ ಬೆಲೆ ಎಷ್ಟು ಎಂದು ಕಂಡುಹಿಡಿಯುವ ಸೂತ್ರಗಳು ಮೂರಿವೆ, ಮೂರೂ ನನಗೆ ಬಾಯಿಪಾಠ. ಆ ಬೆಲೆಯನ್ನು ಒಬ್ಬರು ಎದುರಿಗೆ ಕೂತು ಎಣಿಸಿ ಕೊಡುವುದನ್ನು ನೋಡಿದ್ದು ಅದೇ ಮೊದಲು.

ಅವಳು ಫೋನು ಎತ್ತಿ ಬಂದರಿನವರಿಗೆ ಕರೆ ಮಾಡಿದಳು. ಸದ್ಯಕ್ಕೆ ಮಾಡಲು ಆಗುವುದಿಲ್ಲ ಎಂದಳು. ಯಾಕೆ ಎಂದು ಅವರು ಕೇಳಿರಬೇಕು. ನಮ್ಮ ಕೈಯಲ್ಲಿ ಕೆಲಸ ಜಾಸ್ತಿಯಿದೆ ಎಂದಳು. ಸಾಹುಕಾರರ ಹೆಸರು ಎತ್ತಲಿಲ್ಲ. ಫೋನು ಇಟ್ಟು ಚಿತ್ರವನ್ನು ಸುರುಳಿ ಸುತ್ತಿದಳು.

ಸಾಹುಕಾರರು ಕೂತಲ್ಲೇ ಅಲುಗಾಡಿದರು. "ಸಿಟ್ಟು ಬಂತಾ ಅಕ್ಕ?"

"ಬಂತು. ಸಂಜೆ ಹೊತ್ತಿಗೆ ಹೋಗುತ್ತೆ." ಅವಳು ನನ್ನ ಕಡೆ ತಿರುಗಿದಳು. "ಮುಂದಿನ ವಿಷಯ ಓದೇ."

ನಾನು ಓದಿದೆ. ಮರಳಿನ ದರ ಏರಿತ್ತು.